ಕೀಬೋರ್ಡಿಗೆ ಇಟ್ಟ ಬಿಂದಿ

ಸುಮುಖ, ಇಂಚರ, ಈ ಕಾಗದಗಳನ್ನು ನೋಡುವ ಹೊತ್ತಿಗೆ ನಿಮಗೆ ಕನ್ನಡ ಓದಲು ಬಂದಿರುತ್ತದೆ ಎಂಬ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ. ಸದ್ಯಕ್ಕೆ ಸುಮುಖನಿಗೆ ಅಕ್ಕಿಚೀಲದ ಮೇಲಿನ ಕನ್ನಡ ಮಾತ್ರ ಓದಲು ಬರುತ್ತದೆ, ಅದೂ ಪಕ್ಕದಲ್ಲಿ ಇಂಗ್ಲಿಷ್ ಇದ್ದರೆ. ಇಂಚರಳಿಗೆ ತನ್ನ ಹೆಸರು ಬರೆಯಲು ಬರುತ್ತದೆ. ಆದರೆ ಅದರಲ್ಲಿರುವ ‘ಚ’ ಒಮ್ಮೊಮ್ಮೆ ಮುನಿಸಿಕೊಂಡವರ ಹಾಗೆ ಗೋಡೆಯ ಕಡೆ ತಿರುಗಿ ನಿಂತಿರುತ್ತದೆ. ಹಾಗಾಗಿ ನನಗೆ ಇನ್ನೂ ಒಂದೆರಡು ವರ್ಷ ಕಾಲಾವಕಾಶವಿದೆ. ನಾಚಿಕೆಯ ಸಂಗತಿಗಳನ್ನು ಬರೆಯುವವರಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು?

ಇವತ್ತು ಬೆಳಿಗ್ಗೆ ಮನೆಯ ಧೂಳು ಒರೆಸುತ್ತಿದ್ದೆ. ಅರಬ್ಬರ ನಾಡಿನ ಈ ಸಲ್ವಾದಲ್ಲಿ ಕಿಟಕಿಗಳನ್ನು ಎಷ್ಟು ಭದ್ರವಾಗಿ ಹಾಕಿದರೂ ಮರಳು ಹೇಗೋ ಒಳಗೆ ಬಂದು ನಮಗಿಂತ ಮೊದಲು ಸೋಫಾದ ಮೇಲೆ ಕೂತಿರುತ್ತದೆ. ನಿಮ್ಮ ಕೋಣೆಯ ಕೀಬೋರ್ಡನ್ನು ಒರೆಸುವಾಗ ಬಟ್ಟೆಗೆ ಏನೋ ಅಂಟಿಕೊಂಡು ಬಂತು. ನೋಡಿದರೆ ಒಂದು ಕೆಂಪು ಬಿಂದಿ. ಗೋಂದೆಲ್ಲ ಹೋಗಿ ಬಣ್ಣ ಮಾತ್ರ ಉಳಿದಿತ್ತು. ನಿಮ್ಮ ತಾತ ಹೋದ ಮೇಲೆ ನಾನು ಹಣೆಗೆ ಬಿಂದಿ ಇಟ್ಟವಳಲ್ಲ. ನನ್ನ ಪಾಲಿನದು ಕೀಬೋರ್ಡಿಗೆ ಹೋಯಿತು ಅಂದುಕೊಂಡು ನಗು ಬಂತು. ಆಮೇಲೆ ಆ ಬಿಂದಿ ನನ್ನಿಂದ ಮಾಡಿಸಿದ ಘನಕಾರ್ಯವೆಲ್ಲ ನೆನಪಾಗಿ ಒರೆಸುವುದನ್ನು ಅರ್ಧಕ್ಕೆ ಬಿಟ್ಟು ಬರೆಯಲು ಕೂತೆ. ಮರಳು ಎಲ್ಲಿಗೂ ಹೋಗುವುದಿಲ್ಲ.

ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ನಾಗಮಂಗಲದ ಕಡೆಯ ನಮ್ಮೂರ ಶಾಲೆಯಲ್ಲಿ ಐದನೇ ಕ್ಲಾಸಿಗೆ ಇಂಗ್ಲಿಷ್ ಶುರುವಾಗುತ್ತಿತ್ತು. ನಮ್ಮ ಮೇಷ್ಟ್ರಿಗೆ ಯಾವುದಕ್ಕೂ ಆತುರವಿರಲಿಲ್ಲ. ಮೂರು ವರ್ಷವೂ ಎಬಿಸಿಡಿಯನ್ನೇ ನಿಧಾನವಾಗಿ ಕಲಿಸಿದರು. ಹಾಗಾಗಿ ಅಕ್ಷರಗಳು ನನಗೆ ಚೆನ್ನಾಗಿ ಗೊತ್ತು. ಅವೆಲ್ಲ ಸೇರಿಕೊಂಡು ಏನು ಮಾತಾಡುತ್ತವೆ ಎನ್ನುವುದು ಗೊತ್ತಿಲ್ಲ. ಅದರ ಮೇಲೆ ಕೀಬೋರ್ಡಿನ ಗುಂಡಿಗಳ ಬಳಿಯ ಅಕ್ಷರಗಳನ್ನು ಇರುವೆಗಳು ಬರೆದ ಹಾಗಿದೆ. ಕನ್ನಡಕ ಹಾಕಿಕೊಂಡರೆ ಇರುವೆಗಳು ಸ್ವಲ್ಪ ದಪ್ಪ ಕಾಣುತ್ತವೆ, ಅಷ್ಟೆ.

ಇದಕ್ಕೆ ಉಪಾಯ ಹುಡುಕಿದವಳು ಇಂಚರ. ಅಮ್ಮನ ಬಿಂದಿ ಪ್ಯಾಕೆಟ್ ತಂದು ಒಂದೊಂದು ಗುಂಡಿಗೆ ಒಂದೊಂದು ಬಣ್ಣ ಅಂಟಿಸಿದಳು.

“ಅಜ್ಜಿ, ಗ್ರೀನ್ ಈಸ್ ಫಾರ್ ಕೇಳೋದು. ಬ್ಲ್ಯಾಕ್ ಒತ್ತಿದ್ರೆ ಸ್ಟಾಪ್. ರೆಡ್ ಮುಟ್ಟಂಗಿಲ್ಲ.”

“ಮುಟ್ಟಿದ್ರೆ ಏನಾಗ್ತದೆ ಮಗಾ?”

“ಅಣ್ಣ ವಿಲ್ ಕಿಲ್ ಯು.”

“ಹಂಗಾದ್ರೆ ಮುಟ್ಟಾಕಿಲ್ಲ ಬುಡು,” ಅಂದೆ.

ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಬೆಳಿಗ್ಗೆ ನಿಮ್ಮಪ್ಪ ಅಹ್ಮದಿ ಊರಿನ ಕೆಲಸಕ್ಕೆ, ನಿಮ್ಮಮ್ಮ ಆಸ್ಪತ್ರೆಗೆ, ನೀವು ಸ್ಕೂಲಿಗೆ ಹೊರಟ ಮೇಲೆ ನನ್ನ ಎರಡನೇ ಲೋಟ ಕಾಫಿ. ಅದನ್ನು ಹಿಡಿದುಕೊಂಡು ನಿಮ್ಮ ಕೋಣೆಗೆ ಹೋಗಿ ಹಸಿರು ಬಿಂದಿ ಒತ್ತುತ್ತಿದ್ದೆ. ಸುಮುಖ ತಾನೇ ಕಟ್ಟಿದ ಹಾಡು ಬರುತ್ತಿತ್ತು. ಅದಕ್ಕೆ ಅವನಿಟ್ಟ ಹೆಸರು ‘ಬಸ್ ಸೆವೆಂಟೀನ್’. ನಿಮ್ಮ ಸ್ಕೂಲ್ ಬಸ್ಸಿನ ನಂಬರು ಅದು. ಮಾತಿಲ್ಲ, ರಾಗ ಮಾತ್ರ. ಕೊಳಲು, ತಬಲದಂಥ ಒಂದು ವಾದ್ಯ, ಬಸ್ಸಿನ ಎಂಜಿನ್ನಿನ ಹಾಗೆ ಕೆಳಗೆ ಗುಂಯ್‌ಗುಡುವ ಇನ್ನೊಂದು, ಪಿಟೀಲುಗಳು, ಮಧ್ಯೆ ಮಧ್ಯೆ ಒಂದು ಗಂಟೆ. ಮೊದಲ ಸಲ ಕೇಳಿದಾಗ, “ಒಳಗೆ ಯಾರ್‍ಯಾರಿದಾರೆ?” ಅಂತ ಕೇಳಿದ್ದೆ.

“ಎಲ್ಲಾ ನಾನೇ ಅಜ್ಜಿ,” ಅಂದ ಸುಮುಖ. “ಬೆಲ್ ಮಾತ್ರ ಇಂಚರ.”

“ಒಬ್ಬನೇ ಅಷ್ಟು ಜನ ಹೆಂಗಾದೆ?”

“ಟ್ರ್ಯಾಕ್ಸ್ ಅಜ್ಜಿ. ಲೈಕ್ ಪರೋಟ. ಫಸ್ಟ್ ಒಂದು ಲೇಯರ್ ನುಡಿಸ್ತೀನಿ. ದೆನ್ ಅದನ್ನ ಕೇಳ್ತಾ ಅದರ ಮೇಲೆ ಇನ್ನೊಂದು. ಸಿಕ್ಸ್ ವರೆಗೂ ಹಾಕಬಹುದು. ನಾನು ಐದು ಹಾಕಿದೀನಿ.”

“ಆರನೇದು?”

“ಖಾಲಿ.”

ನಾನು ಬೆರಗಾದೆ. ತನಗೆ ತಾನೇ ಜೊತೆ ಕೊಡುವುದು ಎಂದರೆ ಸಣ್ಣ ಮಾತೇ? ನಮ್ಮೂರಲ್ಲಿ ಒಂದು ಹಾಡಾಗಬೇಕಾದರೆ ಕಡಿಮೆಯೆಂದರೆ ನಾಲ್ಕು ಹೆಂಗಸರು ಬೇಕಿತ್ತು. ಆ ನಾಲ್ವರಲ್ಲಿ ಇಬ್ಬರಿಗೆ ಯಾವಾಗಲೂ ಮಾತು ಬಿಟ್ಟಿರುತ್ತಿತ್ತು.

ಅಲ್ಲಿ ಮದುವೆಗೆ, ಒಸಗೆಗೆ ಸೋಬಾನೆ ಹೇಳುವುದಕ್ಕೆ ಕೆಂಪಕ್ಕ ಎನ್ನುವವರು ಮುಂದಾಳು. ಅವರು ಒಂದು ಸಾಲು ಹೇಳಿ ನಿಲ್ಲಿಸಿದ ಮೇಲೆ ಹಿಂದೆ ಕೂತವರು ಅದನ್ನೇ ಎತ್ತಿಕೊಂಡು ಹಾಡಬೇಕು. ಅದಕ್ಕೆ ಸೊಲ್ಲು ಎತ್ತುವುದು ಎನ್ನುತ್ತಿದ್ದೆವು. ನಾನು ಸೊಲ್ಲಿನವಳು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಮದುವೆಯಾಗಿ ಊರು ಬಿಡುವವರೆಗೂ ಎರಡನೇ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತು ಸೊಲ್ಲು ಎತ್ತಿದವಳು. ಕಂಬವಿಲ್ಲದ ಮನೆಯಾದರೆ ದಪ್ಪಗಿರುವ ಯಾರಾದರೂ ಅತ್ತೆಯ ಹಿಂದೆ. ಮೊದಲ ಸಾಲನ್ನು ನಾನಾಗಿ ಎಂದೂ ಶುರು ಮಾಡಿದ್ದಿಲ್ಲ.

ಒಂದು ಸಲ ಮಾತ್ರ ಆ ಗಂಡಾಂತರ ಬಂದಿತ್ತು. ಮದುವಣಗಿತ್ತಿಗೆ ಅರಿಸಿನ ಹಚ್ಚುವ ಹೊತ್ತು. ಕೆಂಪಕ್ಕನ ಗಂಟಲು ಕಟ್ಟಿತ್ತು. ಅವರು ಸುತ್ತ ನೋಡಿ, ಕಂಬದ ಮರೆಯಲ್ಲಿದ್ದ ನನ್ನನ್ನೇ ಹುಡುಕಿ ತೆಗೆದರು.

“ಏಯ್ ಸಾಕೂ, ಇವತ್ತು ನೀನ್ ಹೇಳು. ಸೊಲ್ಲು ನಾವು ಎತ್ಕತೀವಿ.”

ನನ್ನ ಹೆಸರು ಸಾಕಮ್ಮ ಅಂತ ನಿಮಗೆ ಗೊತ್ತಿದೆಯೋ ಇಲ್ಲವೋ. ಎಲ್ಲರೂ ತಿರುಗಿ ನೋಡಿದರು. ನಾನು ಸೆರಗಿನ ತುದಿಯನ್ನು ಬಾಯಿಗೆ ತುಂಬಿಕೊಂಡೆ. ಅರಿಸಿನ ಹಚ್ಚುವವರ ಕೈ ನಿಂತಿತು. ಹೆಣ್ಣಿನ ಕೆನ್ನೆಯ ಮೇಲಿನ ಅರಿಸಿನ ಒಣಗಿ ಬಿರಿಯತೊಡಗಿತು.

“ಮದ್ವೆ ಹೆಣ್ಣೇ ನಾಚ್ಕಂಡಿಲ್ಲ, ಇವಳ್ ನೋಡವ್ವ,” ಅಂದರು ಹೆಣ್ಣಿನ ಸೋದರತ್ತೆ. ಕೊನೆಗೆ ಕೆಂಪಕ್ಕನೇ ಆ ಹರುಕು ಗಂಟಲಲ್ಲಿ ಮೊದಲ ಸಾಲು ಕೆರೆದರು. ಅದು ಮುಗಿಯುವುದೇ ತಡ, ನನ್ನ ಬಾಯಿಂದ ಸೆರಗು ಹೊರಗೆ ಬಂತು, ಸೊಲ್ಲು ತಾನಾಗಿ ಎದ್ದಿತು. ಮುಂದೆ ಒಬ್ಬರು ಹೋದರೆ ನಾನು ಎಲ್ಲಿಗೆ ಬೇಕಾದರೂ ಹೋಗುವವಳು.

ಮುಂದೆ ಹೋಗುವವರು ಗಂಡನಾಗಿ ಸಿಕ್ಕಿದರು. ನಿಮ್ಮ ತಾತ ಬಸ್ ಕಂಡಕ್ಟರು. ಅವರ ಬಾಯಲ್ಲಿ ಎರಡೇ ಆಜ್ಞೆ: ಹೊರಡಲು ‘ರೈಟ್’, ನಿಲ್ಲಲು ‘ಓಲ್ಡಾನ್’. ಮನೆಯಲ್ಲೂ ಅದೇ. ಅನ್ನ ಬಡಿಸುವಾಗ ಕೈ ಅಡ್ಡ ಹಿಡಿದು ‘ಓಲ್ಡಾನ್’ ಅನ್ನುತ್ತಿದ್ದರು. ನೆಂಟರ ಮನೆಗೆ ಹೊರಟಾಗ ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ. ಅವರು ‘ರೈಟ್’ ಅಂದ ಮೇಲೆಯೇ ನನ್ನ ಕಾಲು ಏಳುತ್ತಿದ್ದುದು. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ, “ನೀನು ಹಾಡ್ತೀಯಂತಲ್ಲ, ಒಂದು ಹಾಡು ಹೇಳು,” ಅಂದರು. “ಯಾರಾದ್ರೂ ಮೊದಲು ಹೇಳಿದ್ರೆ ಸೊಲ್ಲು ಎತ್ತೀನಿ,” ಅಂದೆ. ಪಾಪ, ಅವರೇ ಮೊದಲ ಸಾಲು ಹೇಳಿದರು. ತುಂಬಿದ ಬಸ್ಸು ದಿಬ್ಬದಲ್ಲಿ ಗೇರು ಬದಲಿಸಿದ ಹಾಗಿತ್ತು. ನಾನು ಹಿಂದಿನಿಂದ ಎತ್ತಿಕೊಂಡೆ. ಒಂದು ಮೊರ ಕಾಯಿ ಮುಗಿಯುವವರೆಗೂ ಹಾಡಿದೆವು. ಮಾರನೆಯ ದಿನ ಪಕ್ಕದ ಮನೆಯವರು, “ನಿಮ್ಮ ಯಜಮಾನರಿಗೆ ಹುಷಾರಿಲ್ವಾ?” ಅಂತ ವಿಚಾರಿಸಿದರು.

ಎಲ್ಲಿಗೋ ಹೋದೆ. ಬಿಂದಿಗೆ ಬರುತ್ತೇನೆ.

ನಮ್ಮ ಕಡೆಯ ಕುಟುಂಬಗಳೆಲ್ಲ ಸೇರಿ ಒಂದು ಶುಕ್ರವಾರ ಮಕ್ಕಳ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಸುಮುಖನ ‘ಬಸ್ ಸೆವೆಂಟೀನ್’ ಅಲ್ಲಿ ಎಲ್ಲರೆದುರು ಕೇಳಿಸಬೇಕಿತ್ತು. ಎರಡು ತಿಂಗಳು ಅದೇ ಧ್ಯಾನದಲ್ಲಿದ್ದ ಹುಡುಗ. ಆದರೆ ಆ ಗುರುವಾರವೇ ಅವನಿಗೆ ಗಣಿತದ ಪರೀಕ್ಷೆ. “ಎಕ್ಸಾಮ್ ಮುಗಿಯೋ ತನಕ ಯಾರೂ ಇದನ್ನ ಮುಟ್ಟಬಾರದು,” ಅಂತ ನಿಮ್ಮಮ್ಮ ಶನಿವಾರ ರಾತ್ರಿ ಕೀಬೋರ್ಡಿನ ಮೇಲೆ ನನ್ನ ಹಳೇ ಸೀರೆಯೊಂದನ್ನು ಹೊದಿಸಿದಳು. ಗುರುವಾರ ಸಂಜೆ ನಿಮ್ಮ ಮ್ಯೂಸಿಕ್ ಮಾಸ್ಟರು ಲೋಬೊ ಸರ್ ಬಂದು ಹಾಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗುವುದೆಂದು ಮಾತಾಯಿತು.

ಭಾನುವಾರ ಬೆಳಿಗ್ಗೆ ನಾನು ಸೀರೆ ತೆಗೆದು ಧೂಳು ಒರೆಸಿದೆ. ಮುಟ್ಟಬಾರದು ಎಂದರೆ ಒರೆಸಬಾರದು ಎಂದಲ್ಲವಲ್ಲ. ಬಟ್ಟೆ ಸ್ವಲ್ಪ ಒದ್ದೆಯಾಗಿತ್ತು. ಹಸಿರು ಬಿಂದಿಯೂ ಕೆಂಪು ಬಿಂದಿಯೂ ಒಟ್ಟಿಗೆ ಎದ್ದು ಬಂದವು. ಎರಡನ್ನೂ ಎಂಜಲು ಹಚ್ಚಿ ವಾಪಸು ಅಂಟಿಸಿದೆ. ಹಸಿರು ಎಡಕ್ಕೆ, ಕೆಂಪು ಬಲಕ್ಕೆ. ನನಗೆ ಚೆನ್ನಾಗಿ ನೆನಪಿತ್ತು. ನೆನಪಿಲ್ಲದೆ ಹೋದದ್ದು ಒಂದೇ. ಆಗ ನಾನು ಕೀಬೋರ್ಡಿನ ಆಚೆ ಬದಿಯಲ್ಲಿ, ಕಿಟಕಿಯ ಕಡೆ ನಿಂತಿದ್ದೆ.

ಆಮೇಲೆ ಈಚೆ ಬಂದು ಕುರ್ಚಿಯಲ್ಲಿ ಕೂತು, ಕಾಫಿ ಲೋಟ ಪಕ್ಕಕ್ಕಿಟ್ಟು, ಧೈರ್ಯವಾಗಿ ಹಸಿರು ಬಿಂದಿ ಒತ್ತಿದೆ. ಒಂದು ದೀಪ ಮಿಣುಕಿತು. ಹಾಡು ಬರಲಿಲ್ಲ. ಕೈಯಲ್ಲಿದ್ದ ಬಟ್ಟೆ ಸ್ವರ ನುಡಿಸುವ ಒಂದು ಬಿಳಿ ಮನೆಗೆ ತಗುಲಿತು. ತಟ್ಟನೆ ತಬಲ ಶುರುವಾಯಿತು, ಎಂಜಿನ್ ಗುಂಯ್‌ಗುಟ್ಟಿತು. ಸರಿ, ಬಂತು ಅಂದುಕೊಂಡೆ. ಕೊಳಲು ಮಾತ್ರ ಬರಲಿಲ್ಲ. ಕಾದೆ. ಪಿಟೀಲು ಬಂತು, ಇಂಚರಳ ಗಂಟೆ ಬಂತು, ಕೊಳಲಿಲ್ಲ. ಅದಕ್ಕೂ ನನ್ನಂತೆ ನಾಚಿಕೆಯಿರಬೇಕು, ಬರುತ್ತದೆ ಬಿಡು ಎಂದು ನಾಲ್ಕು ನಿಮಿಷ ಕೈಕಟ್ಟಿ ಕೂತಿದ್ದೆ. ಹಾಡು ಮುಗಿಯಿತು. ಕಪ್ಪು ಬಿಂದಿ ಒತ್ತಿದೆ.

ಅನುಮಾನ ಬಂದು ಕನ್ನಡಕ ಹಾಕಿ ಬಗ್ಗಿ ನೋಡಿದರೆ ಹಸಿರು ಬಿಂದಿಯ ಕೆಳಗೆ ಮೂರು ಇರುವೆಗಳು: ಆರ್, ಇ, ಸಿ. ಶಾಲೆಯಲ್ಲಿ ಓದುತ್ತಿದ್ದ ಹಾಗೆ ಕೂಡಿಸಿ ಓದಿದೆ. ರೆಕ್. ರೆಕ್ಕೆ ಇರಬಹುದೇ ಎಂದುಕೊಂಡೆ. ತಪ್ಪೇನಿಲ್ಲ, ಹಾಡು ಹಾರಿಹೋಗಿತ್ತು.

ಮುಟ್ಟಬಾರದ ಗುಂಡಿ ಅದು. ಮೊದಲನೇ ಟ್ರ್ಯಾಕಿನಲ್ಲಿದ್ದ ಅವನ ಕೊಳಲನ್ನು ಅಳಿಸಿ, ಅದರ ಜಾಗದಲ್ಲಿ ನಾನು ನಾಲ್ಕು ನಿಮಿಷದ ನನ್ನ ತಾಳ್ಮೆಯನ್ನು ರೆಕಾರ್ಡ್ ಮಾಡಿದ್ದೆ. ಬಿಂದಿಗಳನ್ನು ಸರಿಯಾಗಿ ಅಂಟಿಸಿ ಇನ್ನೊಂದು ಸಲ ಕೇಳಿದೆ. ಮದುವೆ ಮನೆಯಲ್ಲಿ ಚಪ್ಪರ, ವಾಲಗ, ಊಟ ಎಲ್ಲ ಇದ್ದು ಗಂಡೇ ಬಂದಿಲ್ಲ ಅಂದರೆ ಹೇಗಿರುತ್ತದೋ ಹಾಗಿತ್ತು.

ಆ ಸಂಜೆಯೇ ಹೇಳಿಬಿಡಬಹುದಿತ್ತು. ಹುಡುಗನ ಪರೀಕ್ಷೆ ಮುಗಿಯಲಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜವಾಗಿ ನನಗೆ ಸುಮುಖನ ಮುಖ ನೋಡುವ ಧೈರ್ಯವಿರಲಿಲ್ಲ. ಅವನಿಗೆ ಬೇಜಾರಾದಾಗ ಕೆಳತುಟಿ ಒಳಕ್ಕೆ ಹೋಗುತ್ತದೆ, ತಾತನದೇ ತುಟಿ. ಆ ತುಟಿಯನ್ನು ನೋಡುವುದಕ್ಕಿಂತ ಅರವತ್ತಾರನೇ ವಯಸ್ಸಿನಲ್ಲಿ ಕೀಬೋರ್ಡ್ ನುಡಿಸುವುದು ಸುಲಭ ಎನಿಸಿತು. ರಾಗ ನನ್ನ ತಲೆಯಲ್ಲಿತ್ತು. ಎರಡು ತಿಂಗಳು ದಿನಕ್ಕೊಂದು ಲೋಟ ಕಾಫಿಯ ಜೊತೆ ಕುಡಿದ ರಾಗ. ಗುರುವಾರದೊಳಗೆ ಅದನ್ನು ಮೊದಲನೇ ಟ್ರ್ಯಾಕಿಗೆ ವಾಪಸು ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಸೋಮವಾರ ಹಾಡಿದೆ. ಹೌದು, ಬಾಯಲ್ಲಿ. ನುಡಿಸಲು ಬಾರದಿದ್ದರೇನು, ಹಾಡಲು ಬರುತ್ತದಲ್ಲ. ಪಕ್ಕದ ಮನೆಯವರಿಗೆ ಕೇಳಬಾರದೆಂದು ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿ, ರೆಕಾರ್ಡಿನ ಗುಂಡಿ ಒತ್ತಿ, ಒಂದು ಮನೆ ಮುಟ್ಟಿ, ಸ್ಪೀಕರಿನ ತೂತುಗಳಿಗೆ ಬಾಯಿ ಹತ್ತಿರ ಇಟ್ಟು ತಬಲದ ಹಿಂದೆ ಹಿಂದೆ ಪೂರ್ತಿ ಹಾಡಿದೆ. ಚೆನ್ನಾಗಿಯೇ ಬಂತು. ಮತ್ತೆ ಕೇಳಿದರೆ ತಬಲ, ಎಂಜಿನ್, ಗಂಟೆ. ನಾನಿಲ್ಲ. ಜೋರಾಗಿ ಹಾಡಬೇಕೇನೋ ಎಂದು ಎರಡನೇ ಸಲ ಜೋರಾಗಿ ಹಾಡಿದೆ. ಮೂರನೇ ಸಲದ ಹೊತ್ತಿಗೆ ಅರ್ಥವಾಯಿತು. ಆ ಯಂತ್ರಕ್ಕೆ ಬಾಯಿ ಇದೆ, ಕಿವಿ ಇಲ್ಲ. ಅದು ಬೆರಳನ್ನು ಮಾತ್ರ ನಂಬುತ್ತದೆ.

ಬೆರಳೆಂದರೆ ನನಗೆ ಒಂದೇ, ಸಾರಿನ ರುಚಿ ನೋಡುವ ಬೆರಳು. ಆ ದಿನವೆಲ್ಲ ಅದರಿಂದ ಒಂದೊಂದೇ ಮನೆ ಒತ್ತುತ್ತ ಸ್ವರಗಳನ್ನು ಹುಡುಕಿದೆ. ಸಿಕ್ಕಿದ್ದು ಮರೆಯದಿರಲಿ ಎಂದು ಸಿಕ್ಕಿದ ಮನೆಗೆಲ್ಲ ನಿಮ್ಮಮ್ಮನ ಪ್ಯಾಕೆಟ್ಟಿನಿಂದ ಒಂದೊಂದು ಬಿಂದಿ ಇಟ್ಟೆ. ಮುಗಿಸಿ ನೋಡಿದರೆ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ಮುತ್ತೈದೆಯರು ಸಾಲಾಗಿ ಕೂತ ಹಾಗೆ ಕಾಣುತ್ತಿತ್ತು. ಸಂಜೆ ನಿಮ್ಮಮ್ಮ, “ಅತ್ತೆ, ನನ್ನ ಬಿಂದಿ ಪ್ಯಾಕೆಟ್ ನೋಡಿದ್ರಾ?” ಅಂದಾಗ, “ಇಂಚರ ಆಟ ಆಡ್ಕಂಡಿರಬೇಕು,” ಅಂದುಬಿಟ್ಟೆ. ಇಂಚರ, ಆಗ ನೀನು ತಿಂದ ಬೈಗುಳ ನನ್ನದು ಕಣವ್ವ. ಈಗ ವಾಪಸು ತೆಗೆದುಕೊಳ್ಳುತ್ತೇನೆ.

ಮಂಗಳವಾರ ರೆಕಾರ್ಡ್ ಒತ್ತಿ ಕೂತೆ. ದೀಪ ಮಿಣುಕತೊಡಗಿತು. ಅದು ಶುರುವಾಗಲಿ ಎಂದು ನಾನು, ನಾನು ಮೊದಲ ಮನೆ ಒತ್ತಲಿ ಎಂದು ಅದು. ಬಾಗಿಲಲ್ಲಿ ಎದುರಾದ ಇಬ್ಬರು ಬೀಗರ ಹಾಗೆ, ನೀವು ಮೊದಲು, ಇಲ್ಲ ಇಲ್ಲ ನೀವು ಮೊದಲು. ಎಷ್ಟು ಹೊತ್ತಾದರೂ ದೀಪಕ್ಕೆ ಬೇಸರವಾಗಲಿಲ್ಲ. ನಾನು ಶುರು ಮಾಡಲಿ ಎಂದು ಇಷ್ಟು ಸಮಾಧಾನವಾಗಿ ಯಾರೂ ಕಾದದ್ದಿಲ್ಲ. ಕೆಂಪಕ್ಕನೂ ಕಾಯಲಿಲ್ಲ. ಕಡೆಗೆ ಕಣ್ಣು ಮುಚ್ಚಿಕೊಂಡು, ಅತ್ತಿತ್ತ ಯಾರೂ ಇಲ್ಲದಿದ್ದರೂ ಮೆಲ್ಲಗೆ, “ರೈಟ್,” ಅಂದೆ. ಬೆರಳು ಇಳಿಯಿತು. ಬಸ್ಸು ಹೊರಟಿತು.

ಎರಡು ಸಾಲು ಆಗಿರಬೇಕು, ಬಾಗಿಲು ಬಡಿದ ಸದ್ದು. ನಮ್ಮ ಕಟ್ಟಡ ಕಾಯುವ ಹಾರಿಸ್.

“ಮಾಮಾ, ಮೋಯಾ ಮಾಫಿ,” ಅಂದ. ಮಾಮಾ ಅಂದರೆ ನಾನು, ಉಳಿದದ್ದು ತಿಳಿಯಲಿಲ್ಲ.

ನನಗೆ ಗೊತ್ತಿರುವ ಅರಬ್ಬಿ ಒಂದೇ ಮಾತು. ಮುಗಿಯಿತು ಅನ್ನುವುದಕ್ಕೆ, ಸಾಕು ಅನ್ನುವುದಕ್ಕೆ, ಬೇಡ ಅನ್ನುವುದಕ್ಕೆ ಎಲ್ಲಕ್ಕೂ ಅದನ್ನೇ ಬಳಸುತ್ತೇನೆ. ಗಲಾಟೆ ನಿಲ್ಲಿಸು ಅನ್ನಲು ಬಂದಿದ್ದಾನೆ ಎಂದುಕೊಂಡು ಕೈ ಮುಗಿದು, “ಖಲಾಸ್, ಖಲಾಸ್,” ಅಂದೆ. ಅವನು ಗಾಬರಿಯಾಗಿ ಮೆಟ್ಟಿಲು ಹತ್ತಿ ಓಡಿದ. ಸಂಜೆ ನಿಮ್ಮಪ್ಪನಿಂದ ತಿಳಿಯಿತು. ಟ್ಯಾಂಕ್ ತೊಳೆಯುವುದಿದೆ, ಇನ್ನು ಸ್ವಲ್ಪ ಹೊತ್ತಿಗೆ ನೀರಿರುವುದಿಲ್ಲ ಎಂದು ಹೇಳಲು ಬಂದಿದ್ದ. ನಾನು ಮುಗಿಯಿತು ಮುಗಿಯಿತು ಅಂದದ್ದಕ್ಕೆ ಆಗಲೇ ನೀರು ಖಾಲಿಯಾಗಿದೆಯೆಂದು ತಿಳಿದು ಆ ಬಿಸಿಲಲ್ಲಿ ಟೆರೇಸಿಗೆ ಹೋಗಿ ಟ್ಯಾಂಕಿನೊಳಗೆ ಇಣುಕಿ ಬಂದನಂತೆ. ಇತ್ತ ನನ್ನ ಕೊಳಲು ಎರಡು ಸಾಲು ನುಡಿದು ಬಾಗಿಲು ತೆಗೆಯಲು ಹೋಗಿತ್ತು.

ಬುಧವಾರ ಮೊದಲನೆಯ ಸಲ ಕುಕ್ಕರ್ ಕೂಗಿತು, ಎದ್ದುಹೋದೆ. ಎರಡನೆಯ ಸಲ ಒಲೆ ಆರಿಸಿ, ಫೋನನ್ನು ದಿಂಬಿನ ಕೆಳಗಿಟ್ಟು, ‘ರೈಟ್’ ಅಂದು ಕೂತವಳು ಕೊನೆಯವರೆಗೂ ನುಡಿಸಿದೆ. ಕೇಳಿ ನೋಡಿದೆ. ಕೊಳಲು ಬಂದಿತ್ತು. ಒಂದು ಸ್ವರವೂ ತಪ್ಪಿರಲಿಲ್ಲ. ಮನೆಗಳ ಮೇಲಿನ ಬಿಂದಿಗಳನ್ನೆಲ್ಲ ಕಿತ್ತು, ಸೀರೆ ಹೊದಿಸಿ, ಅಂದು ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಗುರುವಾರ ಸಂಜೆ ಲೋಬೊ ಸರ್ ಬಂದರು. ಮಂಗಳೂರಿನ ಕಡೆಯವರು, ಮನೆಮಾತು ಕೊಂಕಣಿ. ಹಗಲು ಆಫೀಸು, ಸಂಜೆ ಸಂಗೀತ ಪಾಠ. ನಾನು ಅಡುಗೆಮನೆಯಲ್ಲಿ ಕೋಡುಬಳೆ ಕರಿಯುತ್ತಿದ್ದೆ. ಕೈ ಬಾಣಲೆಯಲ್ಲಿ, ಕಿವಿ ನಿಮ್ಮ ಕೋಣೆಯಲ್ಲಿ. ಹಾಡು ಶುರುವಾಯಿತು. ಅರ್ಧಕ್ಕೇ ನಿಂತಿತು.

“ಸರ್, ದಿಸ್ ಈಸ್ ನಾಟ್ ಮೈನ್,” ಸುಮುಖನ ದನಿ.

“ನಿನ್ನದಲ್ಲದೆ ಮತ್ತೆ ಯಾರದ್ದು ಮಾರಾಯ? ರಾಗ ಅದೇ ಉಂಟಲ್ಲ.”

“ನೋಟ್ಸ್ ಅದೇ. ಬಟ್ ಎಲ್ಲಾ ಲೇಟ್ ಸರ್. ಎವ್ರಿ ಲೈನ್.”

ನನಗೆ ಆಗ ಹೊಳೆಯಿತು. ತಬಲ ಒಂದು ಪೆಟ್ಟು ಹಾಕಿದ ಮೇಲೆಯೇ ನಾನು ಬೆರಳಿಡುತ್ತಿದ್ದೆ. ಬೇರೆಯವರು ಮೊದಲು ಹೇಳಲಿ ಎಂದು ಕಾಯುವುದು ನನ್ನ ಬೆರಳಿಗೂ ಇಳಿದಿತ್ತು. ಸೊಲ್ಲಿನವಳ ಕೈಗೆ ಮೊದಲ ಸಾಲು ಕೊಟ್ಟರೆ ಆಗುವುದೇ ಹಾಗೆ.

“ತಡ ಆದರೆ ಎಂತ? ತಾಳಕ್ಕೆ ಸರಿ ಕೂರಿಸುವ ಉಪಾಯ ಉಂಟು ಇದರಲ್ಲಿ,” ಅಂದರು ಲೋಬೊ ಸರ್. ಏನೋ ಒತ್ತಿದರು. ಹಾಡು ಮತ್ತೆ ಬಂತು. ಈ ಸಲ ಕೊಳಲು ತಬಲದ ಜೊತೆಗೇ, ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ ಸಾಲಾಗಿ, ನೆಟ್ಟಗೆ. ಬಚಾವಾದೆ ಎಂದು ನಾನು ಜಾಲರಿಯಲ್ಲಿದ್ದ ಕೋಡುಬಳೆಯನ್ನು ತಟ್ಟೆಗೆ ಹಾಕಿದೆ.

“ಈಗ ಅಜ್ಜಿ ಹೋಗ್ಬಿಟ್ರು,” ಅಂದಳು ಇಂಚರ.

“ಎಂತ ಅಜ್ಜಿ?”

“ಮೊದಲು ಅಜ್ಜಿ ಇದ್ರಲ್ಲ ಸರ್. ನನ್ನ ಜಡೆ ಹಾಕುವಾಗ ಅಜ್ಜಿ ಈ ಸಾಂಗ್ ಹಿಂಗೇ ಹಮ್ ಮಾಡೋದು. ಸೇಮ್ ಲೇಟ್.”

ಕೋಣೆಯಲ್ಲಿ ಕುರ್ಚಿ ಸರಿದ ಸದ್ದು. ಆಮೇಲೆ ಅಡುಗೆಮನೆ ಬಾಗಿಲಲ್ಲಿ ಸುಮುಖ ನಿಂತಿದ್ದ.

“ಅಜ್ಜಿ. ನೀವು ಡಿಲೀಟ್ ಮಾಡಿದ್ರಾ?”

ಬಾಯಿಗೆ ಬಂದದ್ದು ನನ್ನ ಆ ಒಂದೇ ಅರಬ್ಬಿ ಮಾತು. “ಖಲಾಸ್,” ಅಂದೆ.

ಆ ತುಟಿ ಒಳಕ್ಕೆ ಹೋಯಿತು. “ಟೂ ಮಂತ್ಸ್ ಅಜ್ಜಿ,” ಅಂದ. ಕೂಗಲಿಲ್ಲ. ಕೂಗಿದ್ದರೆ ತಡೆದುಕೊಳ್ಳಬಹುದಿತ್ತು. “ವೈ ಡಿಡಂಟ್ ಯು ಜಸ್ಟ್ ಟೆಲ್ ಮಿ?”

ಎಣ್ಣೆ ಕಾಯುತ್ತಿತ್ತು. ಒಲೆ ಆರಿಸಬೇಕೆಂದು ತೋಚಲಿಲ್ಲ. “ನಿನ್ನ ಮುಖ ನೋಡಕ್ಕೆ ಆಗಲಿಲ್ಲ ಕಣಪ್ಪ,” ಅಂದೆ. ಆಗಲೂ ನೋಡುತ್ತಿರಲಿಲ್ಲ, ಬಾಣಲೆಯನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಕೋಣೆಯಿಂದ ಲೋಬೊ ಸರ್ ಕೂಗಿದರು. “ಸುಮುಖ, ಎಂತಕ್ಕೆ ಹೆದರುವುದು? ಹೋದ ವಾರ ಪಾಠದ ದಿನ ತೆಗೆದ ಕಾಪಿ ಪೂರಾ ನನ್ನ ಪೆನ್‌ಡ್ರೈವಿನಲ್ಲಿ ಉಂಟು.”

ನಾಲ್ಕು ಬೆಳಿಗ್ಗೆ. ಒಂದು ಪ್ಯಾಕೆಟ್ ಬಿಂದಿ. ಟ್ಯಾಂಕಿಗೆ ಇಣುಕಿ ಬಂದ ಆ ಹಾರಿಸ್. ನಾನು ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತೆ. ಒಲೆ ಆರಿಸಿದವನು ಸುಮುಖ. ಆದರೆ 'ಪರವಾಗಿಲ್ಲ' ಎನ್ನಲಿಲ್ಲ. ಲೋಬೊ ಸರ್ ಮೂರು ಕೋಡುಬಳೆ ತಿಂದು, ಪೆನ್‌ಡ್ರೈವನ್ನು ಅವನ ಕೈಗೇ ಕೊಟ್ಟು, “ನಾಳೆ ಹಾಲಿಗೆ ನೀನೇ ತಾ,” ಎಂದು ಹೋದರು. ಊಟದ ಹೊತ್ತಿಗೆ ಅವನು ನನ್ನ ಜೊತೆ ಮಾತಾಡಲಿಲ್ಲ. ಶುಕ್ರವಾರ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತುಬಿಟ್ಟ. ನಾನು ನುಡಿಸಿದ್ದನ್ನು ಅಳಿಸುತ್ತಿದ್ದಾನೆ ಎಂದುಕೊಂಡೆ. ಅದು ನ್ಯಾಯವೇ.

ಸಂಜೆ ಕಾರ್ಯಕ್ರಮದಲ್ಲಿ ನಾನು ಎರಡನೇ ಸಾಲಿನಲ್ಲಿ ಕಂಬದ ಪಕ್ಕ ಕೂತೆ. ಇಲ್ಲಿನ ಹಾಲುಗಳಲ್ಲಿಯೂ ಕಂಬ ಇರುತ್ತದೆ, ದೇವರು ದೊಡ್ಡವನು. ಸುಮುಖನ ಹೆಸರು ಕರೆದರು. ಹಾಡು ಬಂತು. ತಬಲ, ಎಂಜಿನ್. ಆಮೇಲೆ ಕೊಳಲು, ಅವನದೇ, ತಾಳಕ್ಕೆ ಸರಿಯಾಗಿ, ಬಸ್ಸಿನ ಮೊದಲ ಸೀಟು ಹಿಡಿದವನ ಹಾಗೆ ಹುಮ್ಮಸ್ಸಿನಿಂದ. ಮೊದಲ ಸಾಲು ಮುಗಿದು ಕೊಳಲು ನಿಂತಿತು.

ನಿಂತಲ್ಲಿಗೆ ಹಿಂದಿನಿಂದ ಇನ್ನೊಂದು ಕೊಳಲು ಬಂತು. ಅದೇ ಸಾಲು, ಸ್ವಲ್ಪ ತಡವಾಗಿ, ಸ್ವಲ್ಪ ಎಳೆದು, ತುದಿಯಲ್ಲಿ ಕೆಂಪಕ್ಕನ ಹಾಡುಗಳಲ್ಲಿದ್ದಂಥ ಒಂದು ಸಣ್ಣ ಕೊಂಕು. ಅವನು ಒಂದು ಸಾಲು, ನಾನು ಒಂದು ಸಾಲು. ಕೊನೆಯವರೆಗೂ. ಹುಡುಗ ಬೆಳಿಗ್ಗೆಯೆಲ್ಲ ಕೂತು, ಸರಿ ಕೂರಿಸಿದ್ದನ್ನು ಬಿಚ್ಚಿ, ನನ್ನ ತಡವನ್ನು ಹಾಗೆಯೇ ಎತ್ತಿ, ತನ್ನ ಒಂದೊಂದು ಸಾಲಿನ ಹಿಂದೆ ನನ್ನದೊಂದು ಬರುವ ಹಾಗೆ ಖಾಲಿಯಿದ್ದ ಆರನೇ ಟ್ರ್ಯಾಕಿನಲ್ಲಿ ಇಟ್ಟಿದ್ದ. ಮುಂದೆ ಒಬ್ಬರು ಇದ್ದಾಗ ನನ್ನ ತಡ ತಡವಲ್ಲ ಎನ್ನುವುದನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಸೊಲ್ಲು ಎನ್ನುವ ಮಾತೂ ಅವನಿಗೆ ಗೊತ್ತಿಲ್ಲ. ಕೇಳಿ ಕೇಳಿ ಕಂಡುಕೊಂಡಿದ್ದ.

ಸೆರಗು ತಾನಾಗಿ ಬಾಯಿಗೆ ಹೋಯಿತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಡೆ ಬಾಗಿ, “ಚೆನ್ನಾಗಿದೆ ಅಲ್ವಾ? ಆ ಎರಡನೇದು ಯಾರದ್ದಂತೆ?” ಅಂದರು.

“ನಂಗೊತ್ತಿಲ್ಲ ಕಣಮ್ಮ,” ಅಂದೆ.

ಕಾರಿನಲ್ಲಿ ವಾಪಸು ಬರುವಾಗ ಸುಮುಖ ಮುಂದಿನ ಸೀಟಿನಿಂದ ತಿರುಗದೆ, “ಅಜ್ಜಿ, ನಿಮ್ಮ ನೇಮ್ ಅನೌನ್ಸ್ ಮಾಡ್ಸೋಣ ಅಂತ ಇದ್ದೆ. ಆಮೇಲೆ ನೀವು ಓಡಿಹೋಗ್ತೀರ ಅಂತ ಬಿಟ್ಟೆ,” ಅಂದ. ಒಂದು ದಿನದ ಮೇಲೆ ಅವನು ನನ್ನೊಂದಿಗೆ ಆಡಿದ ಮೊದಲ ಮಾತು. “ಒಳ್ಳೇದು ಮಾಡ್ದೆ,” ಅಂದೆ. ನಿಮ್ಮಪ್ಪ ಸಿಗ್ನಲ್ಲಿನಲ್ಲಿ ನಿಂತಿದ್ದ. ಹಸಿರು ದೀಪ ಬಂತು. “ರೈಟ್,” ಅಂದಳು ಇಂಚರ. ಅದನ್ನು ಅವಳು ಯಾವಾಗ ಕಲಿತಳೋ, ಯಾರಿಂದ ಕಲಿತಳೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಅವತ್ತು ಆ ಹೆಂಗಸಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆದಿದ್ದೇನೆ. ಆ ಎರಡನೆಯದು ನಾನು. ಸಾಕಮ್ಮ, ಸೊಲ್ಲಿನವಳು.

ಕೀಬೋರ್ಡಿನಲ್ಲಿರುವ ಹಾಡನ್ನು ನಾನು ನಂಬುವುದಿಲ್ಲ. ಒದ್ದೆ ಬಟ್ಟೆ ಹಿಡಿದ ಒಬ್ಬ ಅಜ್ಜಿ ಸಾಕು ಅದಕ್ಕೆ. ಕಾಗದಕ್ಕಾದರೆ ಕೆಂಪು ಗುಂಡಿ ಇಲ್ಲ. ಆದ್ದರಿಂದ ಈ ಹಾಳೆಗಳನ್ನು ಜೋಪಾನ ಮಾಡಿ. ನಿಮ್ಮಮ್ಮನ ಕೈಗೆ ಸಿಗಬಾರದು, ಬಿಂದಿ ಪ್ಯಾಕೆಟ್ಟಿನ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ. ಎಲ್ಲಿಡಬೇಕೆಂದು ಯೋಚಿಸಿ ಜಾಗವನ್ನೂ ಗೊತ್ತು ಮಾಡಿದ್ದೇನೆ. ಕೀಬೋರ್ಡಿನ ಜೊತೆ ಬಂದ ಆ ದಪ್ಪ ಪುಸ್ತಕವಿದೆಯಲ್ಲ, ಯಾವ ಗುಂಡಿ ಏನು ಮಾಡುತ್ತದೆ ಎಂದು ಬರೆದಿರುವುದು, ಅದರೊಳಗಿಡಿ. ಈ ಮನೆಯಲ್ಲಿ ಅದನ್ನು ಇಲ್ಲಿಯವರೆಗೆ ಯಾರೂ ತೆರೆದಿಲ್ಲ.